ಸಾರಾಂಶ ಕೊನೆಗಿರಲಿ: ಹೈಸ್ಕೂಲು ಮಕ್ಕಳಿಗೆ ಹಳೆಯ ಕಾವ್ಯ ಕಲಿಸುವ ಕ್ರಮ

ಹೊಸದಾಗಿ ಮೇಷ್ಟ್ರಾದಾಗ ನಾನು ಹಳೆಯ ಪದ್ಯಗಳ ಪಾಠ ಮಾಡುತ್ತಿದ್ದದ್ದು ಹೀಗೆ. ಮೊದಲು ಬೋರ್ಡಿನ ಮೇಲೆ ಕವಿ ಪರಿಚಯ: ಕಾಲ, ಸ್ಥಳ, ಕೃತಿ, ಬಿರುದು. ಆಮೇಲೆ ಪದ್ಯವನ್ನು ಒಂದು ಸಲ ಓದುವುದು. ಸಾಲು ಸಾಲಿಗೂ ಅರ್ಥ ಹೇಳುವುದು. ಕೊನೆಗೆ ಸಾರಾಂಶ ಬರೆಸುವುದು. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು, ಕ್ಲಾಸು ನಿಶ್ಶಬ್ದವಾಗಿರುತ್ತಿತ್ತು. ಪಾಠ ಚೆನ್ನಾಗಿ ಆಯ್ತು ಅಂದುಕೊಂಡು ಹೊರಗೆ ಬರುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ, "ಸರ್, ಇದು ಯಾವ ಭಾಷೆ?" ತಮಾಷೆಗೆ ಕೇಳಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದ. ಅಷ್ಟು ಹೊತ್ತಿಗೆ ನಾನು ಮೂರು ಪೀರಿಯಡ್ ಮುಗಿಸಿದ್ದೆ.

ಅವತ್ತಿನಿಂದ ನಿಧಾನವಾಗಿ ಕ್ರಮವನ್ನೇ ತಲೆಕೆಳಗು ಮಾಡಿಕೊಂಡೆ. ಮೊದಲು ಕಥೆ, ಆಮೇಲೆ ದನಿ, ಆಮೇಲೆ ಪದ ಬಿಡಿಸುವುದು, ಆಮೇಲೆ ಒಂದೆರಡು ಮಾತುಗಳನ್ನು ಹಿಡಿದು ಜಗ್ಗುವುದು. ಸಾರಾಂಶ ಎಲ್ಲಕ್ಕಿಂತ ಕೊನೆಗೆ, ಅದನ್ನೂ ಮಕ್ಕಳೇ ಬರೆಯಬೇಕು. ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆ ಈ ಕ್ರಮ ಒಗ್ಗುತ್ತದೆ. ಏಳೆಂಟು ಪದ್ಯಗಳ ಒಂದು ಪಾಠಕ್ಕೆ ಐದು ಪೀರಿಯಡ್ ಸಾಕು. ಅಂದರೆ ಹಳೆಯ ರೀತಿಗಿಂತ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ.

ಉದಾಹರಣೆಗೆ ಒಂದೇ ಸಂದರ್ಭ ಹಿಡಿದುಕೊಳ್ಳುತ್ತೇನೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ಹತ್ತನೇ ಕ್ಲಾಸಿನ ಪಠ್ಯದಲ್ಲಿ ಇದನ್ನು ಪಾಠ ಮಾಡಿದವರು ತುಂಬ ಜನ ಇದ್ದೀರಿ.

ಕ್ಲಾಸಿಗೆ ಹೋಗುವ ಮುಂಚೆ

ಪದ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಐದಾರು ಸಲ ಓದಿಕೊಳ್ಳಿ. ಕಣ್ಣಲ್ಲಿ ಓದಿದರೆ ಸಾಲದು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಮಕ್ಕಳೂ ತಡವರಿಸುತ್ತಾರೆ. ಅಂಥ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ.

ಎರಡನೆಯದು ನಿಘಂಟು. ಗೈಡ್ ನೋಡಬೇಡಿ ಅಂತ ನಾನು ಹೇಳುವುದಿಲ್ಲ, ಎಲ್ಲರೂ ನೋಡುತ್ತೇವೆ. ಆದರೆ ಗೈಡಿನಲ್ಲಿ ಇಡೀ ಸಾಲಿಗೆ ಅರ್ಥ ಇರುತ್ತದೆ, ಪದಕ್ಕೆ ಇರುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪುಟ್ಟ 'ರತ್ನಕೋಶ' ಮೇಜಿನ ಮೇಲಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಅದರಲ್ಲಿ ಸಿಗದಿದ್ದರೆ ಪರಿಷತ್ತಿನದೇ ಎಂಟು ಸಂಪುಟಗಳ ನಿಘಂಟು ಇದೆ, 1894ರ ಕಿಟೆಲ್ ನಿಘಂಟೂ ಇದೆ.

ಮೂರನೆಯದು ಮುಖ್ಯ. ಇಡೀ ಪಾಠದಲ್ಲಿ ನೀವು ನಿಂತು ಮಾತಾಡುವ ಎರಡು ಜಾಗ ಆರಿಸಿಕೊಳ್ಳಿ. ಎರಡೇ. ಎಲ್ಲ ಸಾಲಿಗೂ ಒಂದೇ ತೂಕ ಕೊಟ್ಟರೆ ಮಕ್ಕಳಿಗೆ ಯಾವುದೂ ಉಳಿಯುವುದಿಲ್ಲ.

ಹೆಜ್ಜೆ 1: ಪುಸ್ತಕ ಮುಚ್ಚಿಸಿ, ಕಥೆ ಹೇಳಿ

ಮೊದಲ ಪೀರಿಯಡ್‌ನಲ್ಲಿ ಪುಸ್ತಕ ಬ್ಯಾಗಿನಲ್ಲೇ ಇರಲಿ. ಕವಿ ಪರಿಚಯವೂ ಬೇಡ. ಕವಿ ಯಾವ ಶತಮಾನದವನು ಅನ್ನುವುದು ಅವನ ಪದ್ಯ ಇಷ್ಟವಾದ ಮೇಲೆ ಕೇಳಬೇಕೆನ್ನಿಸುವ ವಿಷಯ.

ಕಥೆ ಹೀಗೆ ಶುರು ಮಾಡಿ. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಹಸ್ತಿನಾಪುರದಿಂದ ವಾಪಸು ಹೊರಟಿದ್ದಾನೆ. ಇನ್ನು ಯುದ್ಧ ಖಂಡಿತ. ಹೊರಡುವಾಗ ಅವನು ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಯಾಕೆ? ಮಕ್ಕಳಿಗೆ ಮಹಾಭಾರತ ಟಿವಿಯಿಂದ ಅಷ್ಟಿಷ್ಟು ಗೊತ್ತಿರುತ್ತದೆ, ಹೇಳಲಿ. ತಪ್ಪು ಹೇಳಿದರೂ ಹೇಳಲಿ. ಕಾವ್ಯದಲ್ಲಿ ಬೇರೆ ಥರ ಬಂದಿದ್ದರೆ ಅದನ್ನು ಆಮೇಲೆ ಅವರೇ ಕಂಡುಹಿಡಿಯುತ್ತಾರೆ.

ಈಗ ಕಥೆ ಹೇಳುವುದನ್ನು ನಿಲ್ಲಿಸಿ. ಕೃಷ್ಣ ಬಾಯಿ ತೆರೆಯುವ ಮುಂಚೆಯೇ ನಿಲ್ಲಿಸಬೇಕು. ಒಂದು ಪ್ರಶ್ನೆ ಕೊಟ್ಟು ಮನೆಗೆ ಕಳಿಸಿ: "ಜೀವಮಾನವೆಲ್ಲ ಸೂತಪುತ್ರ, ಸಾರಥಿಯ ಮಗ ಅಂತ ಬೈಸಿಕೊಂಡವನಿಗೆ, ನೀನು ರಾಜಮನೆತನದವನು ಅಂತ ಗೊತ್ತಾದರೆ ಮೊದಲು ಏನನ್ನಿಸುತ್ತದೆ?" ನೋಟ್ಸಿನಲ್ಲಿ ಎರಡು ಸಾಲು ಬರೆದುಕೊಂಡು ಬರಲಿ. ಈ ಎರಡು ಸಾಲು ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಕಿವಿಗೆ ಬೀಳಲಿ

ಎರಡನೇ ದಿನ ನೀವು ಪದ್ಯ ಓದಿ. ಪುಸ್ತಕ ಇನ್ನೂ ಮುಚ್ಚಿಯೇ ಇರಲಿ. ಒಂದು ಸಲ ಸುಮ್ನೆ ಓದಿ, ಇನ್ನೊಂದು ಸಲ ನಿಧಾನವಾಗಿ ಓದಿ. ರಾಗವಾಗಿ ಹಾಡಲು ಬಂದರೆ ಬಹಳ ಒಳ್ಳೆಯದು, ಬರದಿದ್ದರೆ ಗಮಕಿಗಳು (ಕಾವ್ಯವನ್ನು ರಾಗವಾಗಿ ಓದುವವರು) ವಾಚನ ಮಾಡಿದ ರೆಕಾರ್ಡಿಂಗ್ ಫೋನಿನಲ್ಲಿ ಕೇಳಿಸಿ. ಈ ಕಾವ್ಯವನ್ನು ಊರಿನ ಜನ ಪುಸ್ತಕ ಹಿಡಿದು ಕಲಿತದ್ದಲ್ಲ ಅಲ್ವಾ? ಒಬ್ಬರು ಹಾಡುತ್ತಿದ್ದರು, ಪಕ್ಕದಲ್ಲಿ ಕೂತವರೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು. ಶಿವಮೊಗ್ಗದ ಪಕ್ಕದ ಮತ್ತೂರು, ಹೊಸಹಳ್ಳಿಗಳಲ್ಲಿ ಅದು ಈಗಲೂ ಇದೆ. ನಮ್ಮ ಪಾಠವೂ ಒಂಥರಾ ಅದೇ ಜೋಡಿ ಕೆಲಸ.

ಆಮೇಲೆ ಪುಸ್ತಕ ತೆಗೆಸಿ, ಮಕ್ಕಳಿಂದ ಓದಿಸಿ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಬೇಡಿ. ತಡವರಿಸಿ ಓದುವ ಮಗುವಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದು ಸಾಲಿನ ಬೆಂಚುಗಳ ಮಕ್ಕಳೆಲ್ಲ ಒಟ್ಟಿಗೆ ಓದಲಿ, ಮುಂದಿನದನ್ನು ಇನ್ನೊಂದು ಸಾಲಿನವರು ಎತ್ತಿಕೊಳ್ಳಲಿ. ಗಲಾಟೆ ಆಗುತ್ತದೆ. ಪಕ್ಕದ ಕ್ಲಾಸಿನವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಹೆಜ್ಜೆ 3: ಪದ ಬಿಡಿಸುವುದು

ಮಕ್ಕಳು ಹಳೆಯ ಕಾವ್ಯಕ್ಕೆ ಹೆದರುವುದು ಕಷ್ಟದ ಪದಗಳಿಗಲ್ಲ. ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ಗೊತ್ತಾಗದೆ ಹೆದರುತ್ತಾರೆ. ಆರು ಸಾಲಿನ ಷಟ್ಪದಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮಾತ್ರೆಯ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಲೆಕ್ಕಕ್ಕೆ ಸಾಲು ತುಂಡಾಗುತ್ತದೆ, ಅರ್ಥಕ್ಕಲ್ಲ. ಈ ಮೂರು ಸಾಲು ನೋಡಿ:

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ

'ಮೈದುನತನ' ಅನ್ನುವ ಒಂದೇ ಪದ ಎರಡು ಸಾಲಿನಲ್ಲಿ ಹಂಚಿಹೋಗಿದೆ. 'ಮೈದುನ' ಅಂತ ನಿಲ್ಲಿಸಿ, ಉಸಿರೆಳೆದು, 'ತನದ' ಅಂತ ಹೊಸದಾಗಿ ಶುರು ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಪದ್ಯವನ್ನು ಎರಡು ಥರ ಬರೆಯಿರಿ. ಎಡಗಡೆ ಕವಿ ಬರೆದ ಹಾಗೆ. ಬಲಗಡೆ ಪದ ಬಿಡಿಸಿ, ನಾವು ಮಾತಾಡುವ ಕ್ರಮದಲ್ಲಿ: 'ದನುಜರಿಪು / ಇನತನೂಜನ ಕೂಡೆ / ಮೈದುನತನದ ಸರಸವನು ಎಸಗಿ / ಬರಸೆಳೆದು / ರಥದೊಳು ಪೀಠದಲಿ ಕುಳ್ಳಿರಿಸಿದನು.' ಕೃಷ್ಣ ಕರ್ಣನ ಜೊತೆ ಮೈದುನನ ಹಾಗೆ ಸರಸವಾಡಿ, ಎಳೆದು, ರಥದಲ್ಲಿ ತನ್ನ ಪೀಠದಲ್ಲೇ ಕೂರಿಸಿಕೊಂಡ. ಅಷ್ಟೇ! ಅರ್ಧ ಕ್ಲಾಸಿಗೆ ನೀವು ಹೇಳುವ ಮೊದಲೇ ಹೊಳೆದಿರುತ್ತದೆ.

ಎರಡನೇ ಪದ್ಯದಿಂದ ಬಲಗಡೆಯದನ್ನು ಮಕ್ಕಳೇ ಬರೆಯಲಿ, ಇಬ್ಬಿಬ್ಬರು ಸೇರಿ. ಅವರಿಗೆ ಒಂದೇ ಸೂತ್ರ ಹೇಳಿಕೊಡಿ: ಮೊದಲು ಕ್ರಿಯಾಪದ ಹುಡುಕು, ಆಮೇಲೆ 'ಯಾರು' ಅಂತ ಕೇಳು, ಆಮೇಲೆ 'ಏನನ್ನು' ಅಂತ ಕೇಳು. ಸಂಧಿ ಬಿಡಿಸುವುದನ್ನು ವ್ಯಾಕರಣದ ಪೀರಿಯಡ್‌ನಲ್ಲಿ ಬೇರೆಯಾಗಿ ಕಲಿಸುವ ಬದಲು ಇಲ್ಲೇ ಕಲಿಸಿದರೆ, ಸಂಧಿ ಯಾಕೆ ಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಹಳಗನ್ನಡವಾದರೆ ಇನ್ನೊಂದು ಮೆಟ್ಟಿಲು

ಕುಮಾರವ್ಯಾಸನದು ನಡುಗನ್ನಡ. ಪಂಪ, ರನ್ನರ ಪಾಠವಾದರೆ ಪದ ಬಿಡಿಸಿದ ಮೇಲೂ ಒಂದು ಗೋಡೆ ಇರುತ್ತದೆ. ಆ ಗೋಡೆ ಕಾಣುವಷ್ಟು ದೊಡ್ಡದಲ್ಲ. ನಾಲ್ಕೈದು ಬದಲಾವಣೆ ಗೊತ್ತಿದ್ದರೆ ಸಾಕು. ಪಕಾರ ಹಕಾರವಾಗಿದೆ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಕ್ಕೆ ಉಕಾರ ಸೇರಿದೆ: ಕಣ್ ಹೋಗಿ ಕಣ್ಣು, ಮಗಳ್ ಹೋಗಿ ಮಗಳು. 'ಅಂ' ಎಂಬುದು 'ಅನ್ನು' ಆಗಿದೆ: ಮರಮಂ ಅಂದರೆ ಮರವನ್ನು. 'ಒಳ್' ಎಂಬುದು 'ಅಲ್ಲಿ'. 'ಒಡೆ' ಬಂದರೆ 'ಅರೆ': ಎಂದೊಡೆ ಅಂದರೆ ಎಂದರೆ. ಇವನ್ನು ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ, ವರ್ಷಪೂರ್ತಿ ಅಲ್ಲೇ ಇರಲಿ.

ಈ ಚಾರ್ಟಿಗೆ ಪರೀಕ್ಷೆ ಮಾಡಲು ಪಂಪನ ಒಂದು ಸಾಲು ಹೇಳಿ ಮಾಡಿಸಿದ ಹಾಗಿದೆ: 'ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.' ಬಿಡಿಸಿದರೆ ಎಂಟು ಪದ. ಆರ್ ಅಂದರೆ ಯಾರು. ಅಂಕುಸಂ ಇಟ್ಟೊಡಂ, ಅಂಕುಶ ಇಟ್ಟರೂ. ನೆನೆವುದು ಎನ್ನ ಮನಂ, ನನ್ನ ಮನಸ್ಸು ನೆನೆಯುತ್ತದೆ. ಬನವಾಸಿ ದೇಶಮಂ, ಬನವಾಸಿ ದೇಶವನ್ನು. ಚಾರ್ಟ್ ನೋಡಿಕೊಂಡು ಮಕ್ಕಳೇ ಇಷ್ಟನ್ನೂ ಬಿಡಿಸುತ್ತಾರೆ. ಆಮೇಲೆ ನೀವು ಕೇಳಬೇಕಾದದ್ದು ಒಂದೇ: "ಅಂಕುಶ ಯಾವ ಪ್ರಾಣಿಗೆ?" ಆನೆಗೆ. "ಹಾಗಾದರೆ ಇಲ್ಲಿ ಆನೆ ಎಲ್ಲಿದೆ?" ಸ್ವಲ್ಪ ಹೊತ್ತು ಸುಮ್ಮನಿರಿ. ಯಾರಾದರೂ ಒಬ್ಬರು "ಮನಸ್ಸೇ ಆನೆ ಸರ್!" ಅಂದೇ ಅನ್ನುತ್ತಾರೆ. 941ರ ಕಾವ್ಯದ ಒಂದು ರೂಪಕ ಆ ಮಗುವಿನ ಸ್ವಂತದ್ದಾಯಿತು.

ಇನ್ನೊಂದು ಮಾತು. ಮನೆಯಲ್ಲಿ ತುಳು, ತೆಲುಗು, ತಮಿಳು ಮಾತಾಡುವ ಮಕ್ಕಳು ಕನ್ನಡ ಕ್ಲಾಸಿನಲ್ಲಿ ಸಾಮಾನ್ಯವಾಗಿ ಹಿಂದೆ ಕೂರುತ್ತಾರೆ. ಹಳಗನ್ನಡದ ದಿನ ಅವರನ್ನು ಮುಂದೆ ಕರೆಯಿರಿ. ತಮಿಳು, ತೆಲುಗಿನಲ್ಲಿ ಇವತ್ತೂ ಹುಲಿ 'ಪುಲಿ'ಯೇ, ತುಳುವಿನಲ್ಲಿ 'ಪಿಲಿ'. ಹಾಗೆಯೇ ಕುಂದಾಪುರದ ಕಡೆಯ ಅಥವಾ ಹವ್ಯಕರ ಮನೆಯ ಮಗುವಿಗೆ 'ಬಪ್ಪ' (ಬರುವ), 'ಹೋಪ' (ಹೋಗುವ) ಅರ್ಥ ಹೇಳಿಕೊಡಬೇಕಾಗಿಲ್ಲ. ಉತ್ತರ ಕರ್ನಾಟಕದ ಮಗುವಿಗೆ 'ಅವ್ವೆ' ಯಾರು ಅಂತ ಕೇಳಿದರೆ ನಗುತ್ತದೆ.

ಹೆಜ್ಜೆ 4: ಒಂದು ಮಾತನ್ನು ಹಿಡಿದು ಜಗ್ಗುವುದು

ಇದು ಪಾಠದ ಹೊಟ್ಟೆ. ಒಂದು ಇಡೀ ಪೀರಿಯಡ್ ಇದಕ್ಕೇ ಕೊಡಿ, ಉಳಿದ ಪದ್ಯಗಳನ್ನು ಬೇಗ ಮುಗಿಸಿದರೂ ಪರವಾಗಿಲ್ಲ.

ಮೇಲಿನ ಮೂರು ಸಾಲಿಗೇ ವಾಪಸು ಬನ್ನಿ. 'ಇನತನೂಜ' ಅಂದರೆ ಯಾರು? ಟಿಪ್ಪಣಿಯಲ್ಲಿ 'ಕರ್ಣ' ಅಂತ ಇರುತ್ತದೆ. ಅಲ್ಲಿಗೆ ಬಿಡಬೇಡಿ. ಇನ ಅಂದರೆ ಸೂರ್ಯ, ತನೂಜ ಅಂದರೆ ಮಗ. "ಕರ್ಣ ಸೂರ್ಯನ ಮಗ ಅಂತ ಈ ಕ್ಷಣದಲ್ಲಿ ಯಾರ್ಯಾರಿಗೆ ಗೊತ್ತು?" ಮಕ್ಕಳು ಯೋಚಿಸುತ್ತಾರೆ. ಕೃಷ್ಣನಿಗೆ ಗೊತ್ತು. ಕವಿಗೆ ಗೊತ್ತು. ಓದುತ್ತಿರುವ ನಮಗೆ ಗೊತ್ತು. ಪಕ್ಕದಲ್ಲಿ ಕೂತಿರುವ ಕರ್ಣನಿಗೆ ಮಾತ್ರ ಗೊತ್ತಿಲ್ಲ. ರಾಧೇಯ, ಅಂದರೆ ಸಾಕುತಾಯಿ ರಾಧೆಯ ಮಗ, ಅಂತ ಕರೆಯಬಹುದಿತ್ತು. ಬೇಕೆಂದೇ ಕವಿ ಇಲ್ಲಿ ಈ ಹೆಸರು ಇಟ್ಟ ಹಾಗೆ ನನಗೆ ಕಾಣುತ್ತದೆ.

ಈಗ 'ಮೈದುನತನದ ಸರಸ'. ಕೃಷ್ಣನಿಗೂ ಕರ್ಣನನ್ನು ಹೆತ್ತ ಕುಂತಿಗೂ ಏನು ಸಂಬಂಧ? ಸೋದರತ್ತೆ. ಸೋದರತ್ತೆಯ ಮಕ್ಕಳು ನಮಗೆ ಏನಾಗಬೇಕು? ಭಾವ ಅಥವಾ ಮೈದುನ. ಅಂದರೆ ಕೃಷ್ಣ ಗುಟ್ಟು ಹೇಳುವ ಮುಂಚೆಯೇ ಅದನ್ನು ನಡವಳಿಕೆಯಲ್ಲಿ ತೋರಿಸಿಬಿಟ್ಟಿದ್ದಾನೆ! ಕರ್ಣನಿಗೆ ಅದು ತಿಳಿಯುವುದಿಲ್ಲ, ಹಿಂಜರಿಯುತ್ತಾನೆ. ನಿಮ್ಮ ಸರಿಸಮ ಕೂರುವುದಕ್ಕೆ ಅಂಜುತ್ತೇನೆ ಅನ್ನುತ್ತಾನೆ. ಸಮಾನನಾಗಿ ಕೂರಿಸಿಕೊಂಡರೆ ಹೆದರುವಷ್ಟು ಆ ಮನುಷ್ಯ ಜೀವನದಲ್ಲಿ ಏನೇನು ಅನುಭವಿಸಿರಬೇಕು ಅಂತ ನಾನು ಕೇಳುವುದೂ ಇಲ್ಲ. ಕ್ಲಾಸಿನಲ್ಲಿ ಕೆಲವು ಮಕ್ಕಳಿಗೆ ಅದು ಕೇಳದೆಯೇ ಗೊತ್ತಿರುತ್ತದೆ.

ಎರಡನೇ ಜಾಗ, ಗುಟ್ಟು ತಿಳಿದ ಮೇಲೆ. 'ಕೊರಳ ಸೆರೆ ಹಿಗ್ಗಿದವು.' ಸೆರೆ ಅಂದರೆ ಇಲ್ಲಿ ಜೈಲಲ್ಲ, ನರ. ಗಂಟಲ ನರ ಉಬ್ಬಿದವು. ಅಳು ನುಂಗಿಕೊಳ್ಳುವಾಗ ಕೊರಳು ಹೇಗಾಗುತ್ತದೆ ಅಂತ ಮಕ್ಕಳು ಕೈಯಿಟ್ಟು ನೋಡಿಕೊಳ್ಳಲಿ. ಕಣ್ಣೀರು ನುಗ್ಗುತ್ತದೆ. ಆಗ ಅವನ ಮನಸ್ಸಿಗೆ ಬರುವ ಮಾತೇನು? ಅಯ್ಯೋ, ಕುರುಪತಿಗೆ (ದುರ್ಯೋಧನನಿಗೆ) ಕೇಡಾಯಿತು! ಈಗ ಮೊದಲ ದಿನ ಬರೆಸಿದ ಎರಡು ಸಾಲು ತೆಗೆಸಿ. ನನ್ನ ಕ್ಲಾಸುಗಳಲ್ಲಿ ಹೆಚ್ಚಿನವರು 'ಖುಷಿಯಾಗುತ್ತದೆ' ಅಂತ ಬರೆದಿರುತ್ತಾರೆ, ಕೆಲವರು 'ಅಮ್ಮನ ಮೇಲೆ ಸಿಟ್ಟು ಬರುತ್ತದೆ' ಅಂತ. ಗೆಳೆಯನ ಗತಿಯೇನು ಅಂತ ಬರೆದವರನ್ನು ನಾನು ಇನ್ನೂ ಕಂಡಿಲ್ಲ. ತಮ್ಮ ಸಾಲಿನ ಪಕ್ಕದಲ್ಲೇ ಕವಿಯ ಸಾಲು ಇಟ್ಟುಕೊಂಡಾಗ ಕ್ಲಾಸು ಕ್ಷಣ ಹೊತ್ತು ಸುಮ್ಮನಾಗುತ್ತದೆ.

ಹೆಜ್ಜೆ 5: ಛಂದಸ್ಸು, ಚಪ್ಪಾಳೆಯಿಂದ

ಛಂದಸ್ಸನ್ನು ಲೆಕ್ಕದ ಪಾಠ ಮಾಡಿಬಿಟ್ಟಿದ್ದೇವೆ. ಆದರೆ ಅದು ತಾಳ. ಭಾಮಿನಿ ಷಟ್ಪದಿಯ ನಡೆ 3-4-3-4. ಮೊದಲು ಪದವಿಲ್ಲದೆ ಚಪ್ಪಾಳೆ ತಟ್ಟಿಸಿ: ತಕಿಟ ತಕಧಿಮಿ ತಕಿಟ ತಕಧಿಮಿ. ಅದೇ ತಾಳಕ್ಕೆ 'ಇನತ ನೂಜನ ಕೂಡೆ ಮೈದುನ' ಕೂರಿಸಿ. ಸರಿಯಾಗಿ ಕೂರುತ್ತದೆ. ಆಮೇಲೆ ಪ್ರಸ್ತಾರ, ಅಂದರೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕಿಸಿ: 'ಇನತ' ಮೂರು ಲಘು, 'ನೂಜನ' ಒಂದು ಗುರು ಎರಡು ಲಘು, 'ಕೂಡೆ' ಒಂದು ಗುರು ಒಂದು ಲಘು, 'ಮೈದುನ' ಮತ್ತೆ ಒಂದು ಗುರು ಎರಡು ಲಘು. ಒಟ್ಟು 14 ಮಾತ್ರೆ. 1, 2, 4, 5ನೇ ಸಾಲುಗಳಲ್ಲಿ 14. ಮೂರನೆಯದರಲ್ಲಿ ಮತ್ತು ಆರನೆಯದರಲ್ಲಿ ಅದೇ ನಡೆ ಮೂರು ಸಲ ಬಂದು ಕೊನೆಗೊಂದು ಗುರು, 23. ಇಡೀ ಪದ್ಯಕ್ಕೆ 102.

'ಪೀಠದಲಿ'ಯ ಕೊನೆಯ 'ಲಿ' ಲಘು ಅಲ್ವಾ ಅಂತ ಚೂಟಿ ಮಗು ಕೇಳುತ್ತದೆ. ಪಾದದ ಕೊನೆಯಲ್ಲಿ ಅದನ್ನು ಎಳೆದು ಗುರುವೆಂದೇ ಎಣಿಸುತ್ತೇವೆ ಅಂತ ಹೇಳಿ, ಎಳೆದು ಹಾಡಿ ತೋರಿಸಿ. ಪ್ರತಿ ಸಾಲಿನ ಎರಡನೇ ಅಕ್ಷರಕ್ಕೂ ಸುತ್ತು ಹಾಕಿಸಿ: ಇನತ, ತನದ, ದನುಜ. ಎಲ್ಲ ಕಡೆ ನಕಾರ. ಪ್ರಾಸದ ಪಾಠ ಮುಗಿಯಿತು.

ಮಕ್ಕಳು ಜಗಳಕ್ಕೆ ಬಂದರೆ

ಬರಲಿ. ಹರಿಶ್ಚಂದ್ರನ ಕಥೆ ಹೇಳುವಾಗ ಒಬ್ಬ ಹುಡುಗಿ ಕೇಳಿದ್ದಳು, "ಸತ್ಯ ಇವನದು, ಮಾರಿದ್ದು ಹೆಂಡತಿ ಮಗನನ್ನ. ಅದ್ಹೇಗೆ ಸರ್?" ಆ ಕಾಲದಲ್ಲಿ ಹಾಗಿತ್ತಮ್ಮ ಅಂತ ಕೂರಿಸಿಬಿಟ್ಟೆ. ಈಗಲೂ ಅದು ಚುಚ್ಚುತ್ತದೆ. ಅಂಥ ಪ್ರಶ್ನೆ ಬಂದಾಗ ಮಾಡಬೇಕಾದದ್ದು ಒಂದೇ, ಪದ್ಯಕ್ಕೆ ವಾಪಸು ಕಳಿಸುವುದು. ಚಂದ್ರಮತಿಯ ಬಾಯಲ್ಲಿ ಕವಿ ಏನು ಹೇಳಿಸಿದ್ದಾನೆ ನೋಡು, ಯಾರ ಅಳು ನಮಗೆ ಕೇಳಿಸುವಂತೆ ಬರೆದಿದ್ದಾನೆ ನೋಡು. ರನ್ನನ ಗದಾಯುದ್ಧ ಇದಕ್ಕೆ ಒಳ್ಳೆಯ ಜಾಗ. ಕಾವ್ಯದ ನಾಯಕ ಭೀಮ, ಆದರೆ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ನೋಡಿ ನಮಗೆ ಯಾಕೆ ಸಂಕಟವಾಗುತ್ತದೆ? ಉತ್ತರವನ್ನು ನೀವು ಕೊಡಬೇಡಿ.

ವಚನಗಳಲ್ಲಿ ತೊಂದರೆ ಬೇರೆ ಥರದ್ದು. ಭಾಷೆ ಸುಲಭ, ಹಾಗಾಗಿ ಮಕ್ಕಳು ಅರ್ಥವಾಯಿತು ಅಂದುಕೊಂಡುಬಿಡುತ್ತಾರೆ. ಅಲ್ಲಿ "ಈ ಮಾತನ್ನು ಯಾರಿಗೆ ಹೇಳುತ್ತಿದ್ದಾರೆ, ಯಾಕೆ ಈಗ ಹೇಳಬೇಕಾಯಿತು?" ಅಂತ ಕೇಳಿದರೆ ಓದು ಮತ್ತೆ ಶುರುವಾಗುತ್ತದೆ.

ಹೆಜ್ಜೆ 6: ಬರೆಸುವುದು, ಪರೀಕ್ಷೆ

ಐದನೇ ಪೀರಿಯಡ್ ಬರವಣಿಗೆಗೆ. ಮೊದಲು ಒಂದು ಸ್ವಂತ ಕೆಲಸ: ಅವತ್ತು ರಾತ್ರಿ ಕರ್ಣ ದುರ್ಯೋಧನನಿಗೆ ಕಾಗದ ಬರೆದು, ಕಳಿಸದೆ ಹರಿದುಹಾಕಿದ ಅಂದುಕೊಳ್ಳಿ. ಅದರಲ್ಲಿ ಏನಿತ್ತು? ಮನೆಮಾತಿನಲ್ಲೇ ಬರೆಯಲಿ. ಆಮೇಲೆ ಸಾರಾಂಶ. ಈಗ ಅದಕ್ಕೆ ಹತ್ತು ನಿಮಿಷ ಸಾಕು, ನೀವು ಬರೆಸುವ ಅಗತ್ಯ ಇಲ್ಲ. ಕವಿ ಪರಿಚಯವೂ ಈಗಲೇ: ಗದುಗು, 15ನೇ ಶತಮಾನ, ಕರ್ಣಾಟ ಭಾರತ ಕಥಾಮಂಜರಿ.

ಪರೀಕ್ಷೆಯನ್ನು ಬೈದು ಪ್ರಯೋಜನವಿಲ್ಲ. ಹೆಚ್ಚಾಗಿ ಬರುವ ಪ್ರಶ್ನೆಗಳು ಈ ಹೆಜ್ಜೆಗಳಲ್ಲೇ ಇವೆ. 'ಪದ್ಯಭಾಗ ಪೂರ್ಣಗೊಳಿಸಿ' ಅನ್ನುವುದಕ್ಕೆ ಎರಡನೇ ದಿನದ ಗುಂಪು ಓದು ಸಾಲುತ್ತದೆ, ದಿನವೂ ಪೀರಿಯಡ್ ಶುರುವಿನಲ್ಲಿ ಒಮ್ಮೆ ಹಾಡಿಸಿದರೆ ಬಾಯಿಪಾಠ ತಾನಾಗಿ ಆಗುತ್ತದೆ. ಸಂದರ್ಭ ವಿವರಿಸುವ ಪ್ರಶ್ನೆಗೆ ಮಕ್ಕಳು ಅಂಕ ಕಳೆದುಕೊಳ್ಳುವುದು ಸ್ವಾರಸ್ಯದ ಭಾಗದಲ್ಲಿ. 'ಈ ಮಾತು ತುಂಬಾ ಸ್ವಾರಸ್ಯಕರವಾಗಿದೆ' ಅಂತ ಬರೆದು ಬಿಟ್ಟುಬಿಡುತ್ತಾರೆ. ಇನತನೂಜ ಪದವನ್ನು ಜಗ್ಗಿ ನೋಡಿದ ಮಗುವಿಗೆ ಅಲ್ಲಿ ಬರೆಯಲು ಏನಾದರೂ ಇರುತ್ತದೆ.

ಪಾಠ ಮುಗಿದ ಮೇಲೆ ಹತ್ತು ನಿಮಿಷ ಉಳಿದರೆ ಕುಮಾರವ್ಯಾಸನದೇ ಒಂದು ಒಗಟಿನ ಪದ್ಯ ಕೊಡಿ. ಅದರ ಮೊದಲ ಭಾಗ ಸಂಬಂಧಗಳ ಮೇಲೆ ಸಂಬಂಧ ಸುತ್ತಿ ಅರ್ಜುನನ ತನಕ ಬಂದು, ಅಲ್ಲಿಂದ ಸುಭದ್ರೆಗೆ, ಅವಳ ಸೋದರಮಾವ ಕಂಸನಿಗೆ, ಕಂಸನ ಮಾವ ಜರಾಸಂಧನಿಗೆ ಬಂದು ನಿಲ್ಲುತ್ತದೆ. ಉಳಿದರ್ಧ ಹೀಗಿದೆ: 'ಕಾದಿ ಗೆಲಿದನನಣ್ಣನವ್ವೆಯ ನಾದಿನಿಯ ಜಠರದಲಿ ಜನಿಸಿದನಾದಿಮೂರುತಿ.' ಜರಾಸಂಧನ ಜೊತೆ ಕಾದಿ ಗೆದ್ದವನು ಯಾರು, ಅವನ ಅಣ್ಣ ಯಾರು, ಆ ಅಣ್ಣನ ಅವ್ವೆ ಯಾರು, ಅವಳ ನಾದಿನಿ ಯಾರು? ಬೋರ್ಡಿನ ಮೇಲೆ ಬರೆದು ಉತ್ತರ ಹೇಳದೆ ಗಂಟೆ ಹೊಡೆಯುವ ತನಕ ಕಾಯಿರಿ.